ಭಾನುವಾರದ ಉದಾಹರಣೆ

ಬೋಧಕರ ಮನೆಯಲ್ಲಿ ಶುಕ್ರವಾರ ಹಾಲು ಉಕ್ಕಿದರೆ ಭಾನುವಾರ ಚರ್ಚಿನಲ್ಲಿ ಇಡೀ ಸಭೆಗೆ ಸೀದ ವಾಸನೆ ಬರುತ್ತಿತ್ತು. ಇದೇನೂ ಉತ್ಪ್ರೇಕ್ಷೆಯಲ್ಲ. ಬೋಧಕರ ತಾಯಿ ಎಲ್ಲರಿಗೂ ಅಜ್ಜಿ. ಅವರ ಕಟ್ಟಿಸಿದ ಹಲ್ಲು ಒಮ್ಮೆ ಕಳೆದುಹೋಗಿ, ಮನೆಯೆಲ್ಲಾ ಜಾಲಾಡಿದ ಮೇಲೆ ಅಜ್ಜಿಯ ಏಪ್ರನ್ನಿನ ಜೇಬಿನಲ್ಲೇ ಸಿಕ್ಕಿತು. ಮುಂದಿನ ಭಾನುವಾರ ಅದು ಪ್ರಸಂಗಪೀಠ ಏರಿ, ಮನುಷ್ಯ ದೇವರನ್ನು ಹೊರಗೆ ಹುಡುಕುವುದಕ್ಕೆ ಉದಾಹರಣೆಯಾಯಿತು. ಸಭೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಬೆಂಚಿನಲ್ಲಿ ಕೂತಿದ್ದ ಅಜ್ಜಿ ಮಾತ್ರ ಬಾಯಿ ಬಿಗಿಹಿಡಿದು ಕೂತಿದ್ದರು.

ಭಾನುವಾರದ ಬೋಧನೆಯ ಪ್ರಸಂಗ ಬರೆಯುವುದು ಬೋಧಕರ ಕೆಲಸವಾದರೆ ಉದಾಹರಣೆ ಒದಗಿಸುವುದು ಅವರ ಹೆಂಡತಿಯ ಕೆಲಸ. ಆಕೆ ಬೀದಿ ಕೊನೆಯ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಹಿಂದೆ ನಿಲ್ಲುವವಳು. ಊರಿಗೆಲ್ಲಾ ಇಸ್ತ್ರಿಯಕ್ಕ. ಬೋಧಕರು ಪುಸ್ತಕದ ಹುಳ; ಮನೆಯಲ್ಲಿ ಯಾರು ಅತ್ತರು, ಯಾರು ಊಟ ಬಿಟ್ಟರು ಎಂಬುದೊಂದೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಎಲ್ಲವನ್ನೂ ಇಸ್ತ್ರಿಯಕ್ಕನೇ ನೋಡಿ, ಬೆಳಿಗ್ಗೆ ಅವರು ಗಡ್ಡ ಬೋಳಿಸಿಕೊಳ್ಳುವಾಗ ಬಚ್ಚಲಿನ ಬಾಗಿಲಿಗೆ ಒರಗಿ ಒಪ್ಪಿಸುವಳು. "ರೀ, ಇದು ಕೇಳಿ" ಎಂದರೆ ಅವರ ರೇಜರು ಗಾಳಿಯಲ್ಲೇ ನಿಲ್ಲುವುದು. ಭಾನುವಾರ ತನ್ನ ಮಾತು ಗಂಡನ ಗಂಟಲಿನಿಂದ ಗಟ್ಟಿಯಾಗಿ ಹೊರಬಂದು ಜನ ತಲೆದೂಗುವಾಗ ಆಕೆಗೆ ಒಳಗೊಳಗೇ ಹಿಗ್ಗು. ಅದರಲ್ಲಿ ತಪ್ಪೇನು ಎಂದು ಆಕೆ ಯಾವತ್ತೂ ಯೋಚಿಸಿದವಳಲ್ಲ.

ಆ ಸಲ ಬೋಧಕರು ಹಿಡಿದ ವಿಷಯ ದೊಡ್ಡದು. ಹಳೆಯ ಜ್ಞಾನಿಗಳು ಮಕ್ಕಳಿಗೆ ಹೇಳಿದ ಬುದ್ಧಿಮಾತು: ಎಲ್ಲಕ್ಕಿಂತ ಮೊದಲು ನಿನ್ನ ಅಂತರಂಗವನ್ನು ಕಾದುಕೋ ಎಂಬುದು. ಯೆಹೂದಿಗಳಿಂದ ಕ್ರೈಸ್ತರಿಗೆ ಬಂದ ಈ ಬೋಧೆಯನ್ನು ಕೆಲವು ವಾರ ಎಳೆಎಳೆಯಾಗಿ ಬಿಡಿಸುತ್ತೇನೆ ಎಂದು ಅವರು ಸಭೆಗೆ ಮಾತು ಕೊಟ್ಟಿದ್ದರು. ಅದಕ್ಕಾಗಿ ಪಕ್ಕದ ಬೀದಿಯ ಯೆಹೂದಿ ಮೇಷ್ಟ್ರ ಮನೆಗೂ ಹೋಗಿ ಬರುತ್ತಿದ್ದರು. ಮೊದಲ ವಾರ ಪ್ರಸಂಗ ಸಪ್ಪೆಯಾಯಿತು. ಎರಡನೆಯ ವಾರ ಹಿಂದಿನ ಬೆಂಚಿನಲ್ಲಿ ಒಬ್ಬರು ಗೊರಕೆ ಹೊಡೆದರು.

"ಉದಾಹರಣೆ ಬೇಕು ಕಣೇ," ಎಂದರು ಬೋಧಕರು ಆಲೂಗಡ್ಡೆ ಹಿಸುಕುತ್ತಾ. "ಬರೀ ತತ್ವ ಹೇಳಿದ್ರೆ ಜನಕ್ಕೆ ನಿದ್ದೆ ಬರುತ್ತೆ."

"ನನಗೂ ಬಂತು," ಎಂದರು ಅಜ್ಜಿ.

ಆ ವಾರದಲ್ಲೇ ಒಂದು ಸಂಜೆ ಇಸ್ತ್ರಿಯಕ್ಕ ಮತ್ತು ಮಗಳು ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಮಗಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ದಿನವಿಡೀ ಬೇರೆಯವರ ಬಾಯಿ ತೆರೆಸುವ ಕೆಲಸ. ತನ್ನ ಬಾಯಿ ತೆರೆಯುವುದು ಅಪರೂಪ. ಸಭೆಯ ಗಾಯಕರ ಸಾಲಿನಲ್ಲಿ ಮುಂದೆ ನಿಲ್ಲುವವಳು ಅವಳೇ. ಅವಳ ದನಿ ಏರಿದರೆ ಉಳಿದವರು ಅದರ ನೆರಳಿನಲ್ಲಿ ಹಾಡಿಕೊಂಡು ಹೋಗುತ್ತಿದ್ದರು.

"ಅಮ್ಮ, ಒಂದು ಮಾತು. ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ?"

ಮಗಳು ಕೈಯಲ್ಲಿದ್ದ ಕಾಯಿಯನ್ನು ತುಂಡು ತುಂಡಾಗಿ ಮುರಿಯುತ್ತಾ ಹೋದಳು. "ನನಗೆ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ. ತುಂಬಾ ದಿನ ಆಯ್ತು. ಕಣ್ಣು ಮುಚ್ಚಿದ್ರೆ ಆ ಕಡೆ ಯಾರೂ ಇಲ್ಲ ಅನ್ಸುತ್ತೆ. ಫೋನ್ ಎತ್ಕೊಂಡು ಹಲೋ ಹಲೋ ಅಂತಾ ಇರ್ತೀನಿ, ಆ ಕಡೆ ಸದ್ದೇ ಇಲ್ಲ. ಹಾಡುವಾಗಲೂ ಅಷ್ಟೇ. ಬಾಯಿ ಹಾಡುತ್ತೆ, ನಾನು ಹಾಡಲ್ಲ."

ಇಸ್ತ್ರಿಯಕ್ಕ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. ಬೋಧಕರ ಮಗಳು ಹೇಳುವ ಮಾತೇ ಇದು? "ಸುಸ್ತಾಗಿರ್ಬೇಕು. ಸರಿಯಾಗಿ ನಿದ್ದೆ ಮಾಡು, ಎಲ್ಲಾ ಸರಿಹೋಗುತ್ತೆ," ಎಂದಳು.

"ಹೂಂ," ಎಂದಳು ಮಗಳು. ಆದರೂ ಹೇಳಿಕೊಂಡದ್ದರಿಂದ ಅವಳ ಮುಖ ಹಗುರಾಗಿತ್ತು. ಎದ್ದು ಹೋಗುವಾಗ ಅಮ್ಮನ ತಲೆಯ ಮೇಲೆ ಗಲ್ಲ ಊರಿ ಒಂದು ಕ್ಷಣ ನಿಂತಳು. ಚಿಕ್ಕವಳಿದ್ದಾಗ ಹಾಗೆ ಮಾಡುತ್ತಿದ್ದಳು.

ಇಸ್ತ್ರಿಯಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಮರುದಿನ ಬಚ್ಚಲಿನ ಬಾಗಿಲಿಗೆ ಒರಗಿದಳು. ಚಾಡಿಯಲ್ಲ, ಕಾಳಜಿ ಎಂದು ತನಗೆ ತಾನೇ ಹೇಳಿಕೊಂಡಳು. ತಂದೆಗೆ ತಿಳಿಯದೆ ಇರಬಾರದಲ್ಲ. ಫೋನಿನ ಮಾತನ್ನೂ ಬಿಡದೆ ಹೇಳಿ, "ನಿಮಗೊಬ್ಬರಿಗೇ ಹೇಳಿದ್ದು. ಎಲ್ಲೂ ಬಾಯಿ ಬಿಡ್ಬೇಡಿ," ಎಂದಳು.

"ಛೇ, ನನಗಷ್ಟೂ ಗೊತ್ತಾಗಲ್ವಾ?" ಎಂದರು ಬೋಧಕರು. ಆದರೆ ರೇಜರು ಗಾಳಿಯಲ್ಲೇ ನಿಂತಿತ್ತು. ಆಕೆ ಅದನ್ನು ನೋಡಿಯೂ ನೋಡದವಳ ಹಾಗೆ ಕಾಫಿ ಇಡಲು ಹೋದಳು.

ಭಾನುವಾರ ಬೋಧಕರು ಎಂದಿಲ್ಲದ ಹುರುಪಿನಲ್ಲಿದ್ದರು. ಅಂತರಂಗದ ಬಾಗಿಲಲ್ಲಿ ಕಾವಲಿಲ್ಲದಿದ್ದರೆ ಒಳಗಿನ ದೀಪ ಹೇಗೆ ಆರುತ್ತದೆ ಎಂದು ವಿವರಿಸಿದರು. ಆಮೇಲೆ ದನಿ ತಗ್ಗಿಸಿದರು. ದನಿ ತಗ್ಗಿತೆಂದರೆ ಉದಾಹರಣೆ ಬಂತೆಂದು ಸಭೆಗೆ ಗೊತ್ತು. ಎಲ್ಲರ ಕಿವಿ ನಿಮಿರಿತು.

"ನನಗೆ ಗೊತ್ತಿರುವ ಒಬ್ಬ ಹುಡುಗಿ. ಹೆಸರು ಬೇಡ. ದೇವರ ಸ್ತುತಿ ಹಾಡುವವಳು. ಅವಳು ಅಂತಾಳೆ, ಪ್ರಾರ್ಥನೆ ಅಂದ್ರೆ ಫೋನ್ ಎತ್ಕೊಂಡು ಹಲೋ ಹಲೋ ಅಂದ ಹಾಗೆ, ಆ ಕಡೆ ಸದ್ದೇ ಇಲ್ಲ ಅಂತ..."

ಬೆಂಚುಗಳ ಮೇಲಿನ ತಲೆಗಳು ಒಂದೊಂದಾಗಿ ಗಾಯಕರ ಸಾಲಿನತ್ತ ತಿರುಗಿದವು. ಅಲ್ಲಿದ್ದ ಹುಡುಗಿಯರಾದರೂ ಎಷ್ಟು ಜನ? ಉಳಿದವರೆಲ್ಲಾ ಗಂಡಸರು, ಮೊಮ್ಮಕ್ಕಳನ್ನು ಕಂಡ ಹೆಂಗಸರು. ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ಅಪ್ಪನನ್ನು ನೋಡಲಿಲ್ಲ. ನೇರವಾಗಿ ನಾಲ್ಕನೆಯ ಬೆಂಚಿನಲ್ಲಿ ಕೂತಿದ್ದ ಅಮ್ಮನನ್ನು ನೋಡಿದಳು. ಇಸ್ತ್ರಿಯಕ್ಕ ಹಾಡಿನ ಪುಸ್ತಕದಲ್ಲಿ ಏನನ್ನೋ ಹುಡುಕತೊಡಗಿದಳು. ಕೊನೆಯ ಕೀರ್ತನೆಗೆ ಎಲ್ಲರೂ ಎದ್ದು ನಿಂತರು. ಮಗಳೂ ನಿಂತಳು, ಬಾಯಿ ತೆರೆಯಲಿಲ್ಲ. ಅವಳ ದನಿಯಿಲ್ಲದೆ ಹಾಡು ದಾರಿ ತಪ್ಪಿ ಅತ್ತಿತ್ತ ಅಲೆದು ಹೇಗೋ ಮುಗಿಯಿತು.

ಮನೆಗೆ ಬಂದು ತಟ್ಟೆ ಹಾಕುವ ಮೊದಲೇ ಇಸ್ತ್ರಿಯಕ್ಕ ಗಂಡನ ಮೇಲೆ ಹರಿಹಾಯ್ದಳು. "ಏನ್ರೀ ನಿಮಗೆ ಬುದ್ಧಿ ಇದೆಯಾ? ಎಲ್ಲೂ ಹೇಳ್ಬೇಡಿ ಅಂತ ಬಾಯಿಬಿಟ್ಟು ಹೇಳಿದ್ನಲ್ಲ!"

"ಹೆಸರು ಹೇಳಿಲ್ಲವಲ್ಲ," ಎಂದರು ಬೋಧಕರು. ಅವರ ಮುಖ ಕೆಂಪಾಗಿತ್ತು. "ಎಷ್ಟು ಜನ ಬಂದು ಕೈ ಹಿಡ್ಕೊಂಡ್ರು ಗೊತ್ತಾ? ನಮ್ಮ ಕಥೆನೇ ಹೇಳಿದ್ರಿ ಅಂದ್ರು. ಒಬ್ಬಳ ನೋವಿನಿಂದ ಹತ್ತು ಜನಕ್ಕೆ ಸಮಾಧಾನ ಸಿಕ್ಕಿದ್ರೆ ತಪ್ಪಾ?"

"ನಾಚಿಕೆ ಆಗ್ಬೇಕು ನಿಮಗೆ!"

"ಅವರನ್ನ ಬೈಬೇಡ ಅಮ್ಮ," ಎಂದಳು ಮಗಳು ಬಾಗಿಲಲ್ಲಿ ನಿಂತುಕೊಂಡೇ. ದನಿ ಏರಿಸಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು ಎನಿಸಿತು ಇಸ್ತ್ರಿಯಕ್ಕನಿಗೆ. "ಅವರು ಬರೀ ಮೈಕು. ಮಾತು ನಿಂದು."

"ನಾನು ನಿನ್ನ ಒಳ್ಳೆಯದಕ್ಕೆ..."

"ಲಾಂಡ್ರಿಗೆ ಬಂದ ಕೋಟಿನ ಜೇಬಲ್ಲಿ ಏನೇ ಸಿಕ್ರೂ ಪೊಟ್ಟಣ ಕಟ್ಟಿ ಇಡ್ತೀಯ. ಪಕ್ಕದ ಮೇಜಿನವಳಿಗೂ ತೋರಿಸಲ್ಲ. ನನ್ನ ಜೇಬು ಮಾತ್ರ ಹಾಗೇ ಕೊಡವಿಬಿಟ್ಟೆ."

ಅಷ್ಟು ಹೇಳಿ ಅವಳು ಒಂದು ಬ್ರೆಡ್ಡು ತೆಗೆದುಕೊಂಡು ಕೋಣೆಗೆ ಹೋದಳು. ಅಜ್ಜಿ ಸೂಪು ಬಡಿಸಿಕೊಂಡು ಒಂಟಿಯಾಗಿ ಊಟ ಶುರುಮಾಡಿದರು. ಕಿವಿ ಮಂದವಾದರೂ ಬೇಕಾದದ್ದೆಲ್ಲಾ ಅವರಿಗೆ ಕೇಳಿಸುತ್ತಿತ್ತು.

ಆಮೇಲಿನ ವಾರಗಳಲ್ಲಿ ಮನೆ ಮನೆಯಾಗಿರಲಿಲ್ಲ. ಮಗಳು ಜಗಳ ಆಡಲಿಲ್ಲ, ಮುಖ ಊದಿಸಿಕೊಳ್ಳಲಿಲ್ಲ. ಮರ್ಯಾದೆಯಿಂದಲೇ ಇದ್ದಳು. ಉಪ್ಪು ಕೊಡು ಎಂದರೆ ಕೊಟ್ಟಳು. ತನ್ನ ಸರದಿಯ ಪಾತ್ರೆ ತೊಳೆದಳು. ಇವತ್ತು ಕೆಲಸ ಹೇಗಿತ್ತು ಎಂದರೆ "ಚೆನ್ನಾಗಿತ್ತು." ಮನಸ್ಸು ಹೇಗಿದೆ ಎಂದರೆ "ಚೆನ್ನಾಗಿದೆ." ಬಾಡಿಗೆಗೆ ಬಂದವರ ಹಾಗೆ ಬಾಗಿಲು ಮೆಲ್ಲಗೆ ಎಳೆದುಕೊಳ್ಳುತ್ತಿದ್ದಳು. ಇಸ್ತ್ರಿಯಕ್ಕನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕೆಲಸದ ಮಧ್ಯೆ ಇಸ್ತ್ರಿಪೆಟ್ಟಿಗೆ ಎತ್ತುವುದನ್ನೇ ಮರೆತು ಯಾರದೋ ಬಿಳಿ ಅಂಗಿಯ ಬೆನ್ನು ಕಂದಿಸಿದಳು.

ಇದರ ನಡುವೆ ಸಭೆಯವರ ಕಾಟ. ದಿನಕ್ಕೊಬ್ಬರು ಬಂದು ಬಾಗಿಲು ಬಡಿಯುತ್ತಿದ್ದರು. ಗಾಯಕರ ಸಾಲಿನ ದಪ್ಪ ದನಿಯ ಹೆಂಗಸು ಕೇಕು ಹಿಡಿದು ಬಂದು, "ನಿನಗಾಗಿ ದಿನಾ ಪ್ರಾರ್ಥನೆ ಮಾಡ್ತಿದ್ದೀನಮ್ಮ. ಈಗ ಏನಾದ್ರೂ ಕೇಳಿಸ್ತಾ ಆ ಕಡೆಯಿಂದ?" ಎಂದು ಮಗಳ ಕಿವಿಯ ಹತ್ತಿರ ಬಗ್ಗಿ ಕೇಳಿದಳು. ಮಗಳು ನಗುತ್ತಲೇ, "ಕೇಕು ಚೆನ್ನಾಗಿದೆ ಆಂಟಿ," ಎಂದಳು. ಮರುದಿನದಿಂದ ಕ್ಲಿನಿಕ್ಕಿನಿಂದ ತಡವಾಗಿ ಬರತೊಡಗಿದಳು. ಭಾನುವಾರ ಗಾಯಕರ ಸಾಲಿನಲ್ಲಿ ಅವಳ ಜಾಗ ಖಾಲಿ ಉಳಿಯಿತು. ಕ್ಲಿನಿಕ್ಕಿನ ಹತ್ತಿರ ಒಂದು ಕೋಣೆ ನೋಡಿದ್ದೇನೆ, ತಿಂಗಳ ಕೊನೆಗೆ ಹೋಗುತ್ತೇನೆ ಎಂದು ಒಂದು ದಿನ ಊಟದ ಮೇಜಿನಲ್ಲಿ ಹೇಳಿದಳು. ಹವಾಮಾನದ ಸುದ್ದಿ ಹೇಳಿದ ಹಾಗಿತ್ತು.

ಬೋಧಕರು ಚಮಚ ಕೆಳಗಿಟ್ಟರು. "ಯಾಕೆ? ಇಲ್ಲಿ ಏನು ಕಮ್ಮಿಯಾಗಿದೆ?"

"ಏನೂ ಇಲ್ಲ ಅಪ್ಪ. ಹತ್ತಿರ ಆಗುತ್ತೆ."

"ನಿಜ ಹೇಳು."

"ನಿಜ ಹೇಳಿದ್ರೆ ಭಾನುವಾರ ಪ್ರಸಂಗಕ್ಕೆ ಬರುತ್ತೆ," ಎಂದರು ಅಜ್ಜಿ. ಮಗಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಕ್ಕ ಆ ನಗುವೂ ಅಜ್ಜಿಗೇ ಹೋಯಿತು, ತನಗಲ್ಲ ಎಂದು ಇಸ್ತ್ರಿಯಕ್ಕನಿಗೆ ಹೊಟ್ಟೆ ಉರಿಯಿತು.

ಆ ಮಧ್ಯಾಹ್ನ ಅತ್ತೆಯ ತಲೆ ಬಾಚುತ್ತಾ ಆಕೆ ಕಣ್ಣೀರು ಹಾಕಿದಳು. "ನಾನೇನು ಊರೆಲ್ಲಾ ಸಾರಿದ್ನಾ ಅತ್ತೆ? ಕಟ್ಟಿಕೊಂಡ ಗಂಡನ ಹತ್ತಿರ ಹೇಳಿದೆ."

"ನಿನ್ನ ಮಾವನೂ ಹೀಗೇ," ಎಂದರು ಅಜ್ಜಿ. ಅವರ ಗಂಡನೂ ಇದೇ ಸಭೆಯ ಬೋಧಕ. "ನನ್ನ ಹೆರಿಗೆ ನೋವು ಮೂರು ಭಾನುವಾರ ಓಡಿತು. ನಿನ್ನ ಗಂಡ ಹುಟ್ಟೋಕೆ ತಗೊಂಡಿದ್ದಕ್ಕಿಂತ ಜಾಸ್ತಿ ಹೊತ್ತು! ಆಮೇಲೆ ನಾನು ಉಪಾಯ ಮಾಡಿದೆ. ಸುಳ್ಳು ಕಥೆ ಕಟ್ಟಿ ಕೊಡ್ತಿದ್ದೆ."

"ಸುಳ್ಳಾ?"

"ಕುಂಟು ಚಿಕ್ಕಮ್ಮ ಇದ್ದಾಳಲ್ಲ, ಅರ್ಧ ರೊಟ್ಟಿ ಭಿಕ್ಷುಕನಿಗೆ ಕೊಟ್ಟವಳು?"

ಕುಂಟು ಚಿಕ್ಕಮ್ಮ ಇಡೀ ಸಭೆಗೆ ಪರಿಚಿತಳು. ಬೋಧಕರು ವರ್ಷಕ್ಕೊಮ್ಮೆಯಾದರೂ ಆಕೆಯನ್ನು ನೆನೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಅಂಥವಳು ಯಾರೂ ಇರ್ಲಿಲ್ಲ ಕಣೆ. ಒಲೆ ಮುಂದೆ ಕೂತು ನಾನು ಹುಟ್ಟಿಸಿದ್ದು. ಇವನಿಗೆ ಇವತ್ತಿಗೂ ಗೊತ್ತಿಲ್ಲ. ಪಾಪ, ಹೇಳ್ಬೇಡ."

ಇಸ್ತ್ರಿಯಕ್ಕ ಅಳುತ್ತಲೇ ನಕ್ಕಳು. "ನನಗೆ ಕಥೆ ಕಟ್ಟೋಕೆ ಬರಲ್ಲ ಅತ್ತೆ."

"ಹಾಗಾದ್ರೆ ಬಾಯಿ ಮುಚ್ಕೊಳ್ಳೋದು ಕಲಿ. ಅದು ಇನ್ನೂ ಕಷ್ಟ. ಜಡೆ ಬಿಗಿಯಾಯ್ತು, ಸ್ವಲ್ಪ ಸಡಿಲ ಮಾಡು."

ಯೆಹೂದಿ ಮೇಷ್ಟ್ರು ತಮ್ಮ ಕಪ್ಪು ಕೋಟು ತೆಗೆದುಕೊಂಡು ಹೋಗಲು ಲಾಂಡ್ರಿಗೆ ಬಂದದ್ದು ಆ ವಾರದಲ್ಲೇ. ಒಂದು ಕಾಲಕ್ಕೆ ಲೆಕ್ಕದ ಮೇಷ್ಟ್ರು. ಈಗ ಬೆನ್ನು ಬಾಗಿ, ಗಡ್ಡ ಬೆಳ್ಳಗಾಗಿತ್ತು. ಬೋಧಕರು ಹೇಗಿದ್ದಾರೆ ಎಂದು ಕೇಳಿದರು. ಪ್ರಸಂಗ ಬರೀತಿದ್ದಾರೆ ಎಂದಳು ಇಸ್ತ್ರಿಯಕ್ಕ. ಕೋಟಿನ ಕಾಲರು ತಿದ್ದುತ್ತಾ ತಡೆಯಲಾರದೆ ಕೇಳಿಯೇಬಿಟ್ಟಳು.

"ಮೇಷ್ಟ್ರೇ, ಯಾರದೋ ಮನಸ್ಸಿನ ಮಾತು ನಾಲ್ಕು ಜನರ ಮುಂದೆ ಬಂದುಬಿಟ್ರೆ, ನಿಮ್ಮಲ್ಲಿ ಅದಕ್ಕೆ ಏನಂತಾರೆ?"

ಮೇಷ್ಟ್ರು ಆಕೆಯನ್ನು ಒಮ್ಮೆ ನೋಡಿದರು. ಸುದ್ದಿ ಅವರ ಬೀದಿಗೂ ಮುಟ್ಟಿತ್ತೋ ಏನೋ, ತೋರಿಸಿಕೊಳ್ಳಲಿಲ್ಲ. "ನಾಲ್ಕು ಜನರ ಮುಂದೆ ಒಬ್ಬರ ಮುಖ ಬೆಳ್ಳಗಾಗೋ ಹಾಗೆ ಮಾಡೋದು ರಕ್ತ ಹರಿಸಿದ ಹಾಗೆ ಅಂತ ನಮ್ಮ ಹಿರಿಯರು ಹೇಳ್ತಾರಮ್ಮ."

ಇಸ್ತ್ರಿಯಕ್ಕನಿಗೆ ಗಂಡನ ಮೇಲಿನ ಸಿಟ್ಟಿಗೆ ಬಲ ಬಂದಂತಾಯಿತು. "ಇದನ್ನ ಅವರಿಗೆ ಹೇಳಿ ಮೇಷ್ಟ್ರೇ. ನೀವು ಹೇಳಿದ್ರೆ ಕೇಳ್ತಾರೆ."

"ಹೇಳ್ತೀನಿ. ಆದ್ರೆ ನಮ್ಮ ಹಿರಿಯರು ಇನ್ನೊಂದನ್ನೂ ಹೇಳ್ತಾರೆ. ಒಬ್ಬರ ವಿಷಯ ಇನ್ನೊಬ್ಬರ ಹತ್ತಿರ ಎತ್ತಿದ್ರೆ ಮೂರು ಜನಕ್ಕೆ ಪೆಟ್ಟು ಅಂತೆ. ಯಾರ ವಿಷಯವೋ ಅವರಿಗೆ, ಕೇಳಿಸಿಕೊಂಡವರಿಗೆ, ಹೇಳಿದವರಿಗೆ." ಮೇಷ್ಟ್ರು ಕೋಟು ತೋಳಿನ ಮೇಲೆ ಹಾಕಿಕೊಂಡು, ಹಣ ಕೊಟ್ಟು, ಬಾಗಿಲಿನ ಮೆಟ್ಟಿಲನ್ನು ಹುಷಾರಾಗಿ ಇಳಿದು ಹೋದರು.

ಮಗಳ ವಿಷಯ. ಕೇಳಿಸಿಕೊಂಡವರು ಬೋಧಕರು. ಹೇಳಿದವರು ಯಾರು ಎಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ಇಸ್ತ್ರಿಯಕ್ಕ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಇಷ್ಟು ದಿನ ಗಂಡನನ್ನು ಬೈದುಕೊಂಡು ಆಕೆ ಬದುಕಿಕೊಂಡಿದ್ದಳು. ಬಚ್ಚಲಿನ ಬಾಗಿಲಿಗೆ ಒರಗುವಾಗಿನ ಆ ಹಿಗ್ಗು, ನಿಂತ ರೇಜರನ್ನು ನೋಡಿಯೂ ಕಾಫಿ ಇಡಲು ಹೋದದ್ದು, ಎಲ್ಲವೂ ಆಕೆಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಅಂದು ಸಂಜೆಯೇ ಮಗಳ ಕೋಣೆಯ ಬಾಗಿಲು ತಟ್ಟಿದಳು. ತನ್ನದೇ ಮನೆಯಲ್ಲಿ ಬಾಗಿಲು ತಟ್ಟಿದ್ದು ಅದೇ ಮೊದಲು. ಮಗಳು ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದಳು.

"ಹೇಳಿದ್ದು ನಾನು," ಎಂದಳು ಇಸ್ತ್ರಿಯಕ್ಕ. "ಕಾಳಜಿ ಇತ್ತು, ಇಲ್ಲ ಅನ್ನಲ್ಲ. ಅದರ ಜೊತೆ ಹೇಳೋ ಚಪಲಾನೂ ಇತ್ತು. ಅವರು ಏನು ಮಾಡ್ತಾರೆ ಅಂತ ಗೊತ್ತಿದ್ದೂ ಹೇಳಿದೆ."

ಮಗಳು ತಲೆಯೆತ್ತಲಿಲ್ಲ. "ಸರಿ ಅಮ್ಮ."

"ಕ್ಷಮಿಸು ಅಂತ ಕೇಳೋಕೆ ಬಂದೆ."

"ಸರಿ ಅಂದ್ನಲ್ಲ. ಆ ಅಂಟುಪಟ್ಟಿ ಕೊಡು."

ಇಸ್ತ್ರಿಯಕ್ಕ ಅಂಟುಪಟ್ಟಿ ಕೊಟ್ಟಳು. ಮಗಳು ಅಪ್ಪಿಕೊಂಡು ಅಳುತ್ತಾಳೆಂದು ಆಸೆಪಟ್ಟು ಹೋದವಳಿಗೆ ಸಿಕ್ಕಿದ್ದು ಇಷ್ಟೇ.

ಅಂತರಂಗದ ಬೋಧೆಯ ಕೊನೆಯ ಪ್ರಸಂಗದ ಹಿಂದಿನ ದಿನ ಬೋಧಕರೇ ಬಚ್ಚಲಿನಿಂದ ಕೂಗಿದರು. ಕೆನ್ನೆಯ ತುಂಬಾ ನೊರೆ.

"ಸ್ವಲ್ಪ ಬಾರೇ ಇಲ್ಲಿ. ಈಗ ಹೇಗಿದ್ದಾಳೆ ಅವಳು? ಪ್ರಾರ್ಥನೆಗೆ ಕೂರ್ತಾಳಾ?"

"ಗೊತ್ತಿಲ್ಲ."

"ನಿನಗೆ ಗೊತ್ತಿಲ್ಲದೆ ಇರುತ್ತಾ? ನೋಡು, ಅವತ್ತು ಅರ್ಧಕ್ಕೆ ಬಿಟ್ಟ ಹಾಗಾಗಿದೆ. ಸಭೆಯವರು ದಿನಾ ಕೇಳ್ತಾರೆ, ಆ ಹುಡುಗಿಗೆ ಕೊನೆಗೆ ಏನಾಯ್ತು ಅಂತ. ಬೆಳಕು ಸಿಕ್ಕಿತು ಅಂತ ಒಂದು ಮಾತು ಹೇಳಿದ್ರೆ ಅವಳ ಹೆಸರೂ ಸರಿಹೋಗುತ್ತೆ."

"ಅವಳ ಹೆಸರು ಹೇಳೇ ಇಲ್ಲ ಅಂದ್ರಲ್ಲ."

ಬೋಧಕರು ಕನ್ನಡಿಯಲ್ಲೇ ಹೆಂಡತಿಯನ್ನು ದಿಟ್ಟಿಸಿದರು. "ಗಂಡ ಹೆಂಡತಿ ಮಧ್ಯೆ ಮುಚ್ಚುಮರೆ ಏನು?"

"ಇನ್ಮೇಲೆ ಇರುತ್ತೆ ರೀ. ನನ್ನ ವಿಷಯ ಎಲ್ಲಾ ನಿಮ್ಮದೇ, ಕೇಳಿ. ನನ್ನದಲ್ಲದ್ದನ್ನ ಕೊಡೋಕೆ ನಾನು ಯಾರು? ಅಂತರಂಗ ಕಾಯ್ಕೊಳ್ಳಿ ಅಂತ ಊರಿಗೆ ಹೇಳ್ತೀರಿ. ನಾವಿಬ್ಬರೂ ಸೇರಿ ಮನೆ ಮಗಳದ್ದನ್ನೇ ಬೀದಿಗೆ ಇಟ್ವಿ."

"ಮೇಷ್ಟ್ರೂ ಇದನ್ನೇ ಅಂದ್ರು," ಎಂದು ಬೋಧಕರು ಗೊಣಗಿದರು. ಆಮೇಲೆ ಬಹಳ ಹೊತ್ತು ಒಂದೇ ಕೆನ್ನೆಯನ್ನು ಬೋಳಿಸುತ್ತಾ ನಿಂತರು. ಇಸ್ತ್ರಿಯಕ್ಕ ಬಾಗಿಲಿಗೆ ಒರಗದೆ ಹೊರಟುಹೋದಳು.

ಭಾನುವಾರ ಬೋಧಕರ ದನಿ ತಗ್ಗಿತು. ಕಿವಿಗಳು ನಿಮಿರಿದವು. ದಪ್ಪ ದನಿಯ ಹೆಂಗಸು ಕರವಸ್ತ್ರ ತೆಗೆದು ಸಿದ್ಧವಾದಳು. "ಆ ಹುಡುಗಿ..." ಎಂದು ಶುರುಮಾಡಿದ ಬೋಧಕರು ನಾಲ್ಕನೆಯ ಬೆಂಚಿನತ್ತ ನೋಡಿದರು. ಈ ಸಲ ಇಸ್ತ್ರಿಯಕ್ಕ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳಲಿಲ್ಲ. ಬೋಧಕರು ಗಂಟಲು ಸರಿಮಾಡಿಕೊಂಡರು. "ಆ ಹುಡುಗಿಯ ಮಾತು ನನ್ನದಾಗಿರಲಿಲ್ಲ. ನಾನು ಹೇಳಬಾರದಿತ್ತು. ಕೀರ್ತನೆ ಹಾಡೋಣ," ಎಂದರು. ಸಭೆ ತಬ್ಬಿಬ್ಬಾಯಿತು. ಎಂದಿಗಿಂತ ಬೇಗ ಬಿಟ್ಟಿತು. ಇವತ್ತು ಪ್ರಸಂಗಕ್ಕೆ ಉಪ್ಪೇ ಇರಲಿಲ್ಲ ಎಂದು ಹೊರಗೆ ಯಾರೋ ಅಂದರು. ಕೇಳಲು ಮಗಳು ಅಲ್ಲಿರಲಿಲ್ಲ. ಅವಳು ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದಳು.

ಇಸ್ತ್ರಿಯಕ್ಕ ಮನೆಗೆ ಬಂದಾಗ ಒಗೆದ ಹಾಸುಬಟ್ಟೆ, ಹೊದಿಕೆ ಹಿತ್ತಿಲ ಹಗ್ಗದ ಮೇಲೆ ಒಣಗಿದ್ದವು. ಮಗಳು ಒಬ್ಬಳೇ ಒಂದು ದೊಡ್ಡ ಹಾಸುಬಟ್ಟೆಯ ಜೊತೆ ಗುದ್ದಾಡುತ್ತಿದ್ದಳು. ಇಸ್ತ್ರಿಯಕ್ಕ ಹೋಗಿ ಎದುರಿನ ಎರಡು ತುದಿ ಹಿಡಿದಳು. ಇಬ್ಬರೂ ಹಿಂದೆ ಸರಿದು ಎಳೆದರು, ಕೊಡವಿದರು, ಮಡಚಿ ಹತ್ತಿರ ಬಂದರು. ಇಸ್ತ್ರಿಯಕ್ಕ ಮಗಳ ಬೆರಳಿಂದ ತುದಿ ತೆಗೆದುಕೊಂಡು ಮತ್ತೆ ಹಿಂದೆ ಸರಿದಳು. ಕೋಣೆಯಲ್ಲಿ ಬಿಸಿನೀರು ಬರುತ್ತಾ, ಅಕ್ಕಪಕ್ಕ ಯಾರಿದ್ದಾರೆ, ರಾತ್ರಿ ಊಟಕ್ಕೇನು ಮಾಡ್ತೀಯ, ಇನ್ನೂ ಆ ಫೋನು ಹಾಗೇ ಇದೆಯಾ ಎಂದು ಕೇಳಲು ಆಕೆಯ ನಾಲಿಗೆ ತುದಿಯಲ್ಲಿ ಪ್ರಶ್ನೆಗಳು ನೂಕಾಡುತ್ತಿದ್ದವು. ತುಟಿ ಕಚ್ಚಿಕೊಂಡಳು. ಅಂಥ ಹೆಂಗಸಿಗೆ ಅದೆಷ್ಟು ಕಷ್ಟವೋ, ಅನುಭವಿಸಿದವರಿಗೇ ಗೊತ್ತು.

ಮೂರನೆಯ ಹೊದಿಕೆ ಮಡಚುವಾಗ ಮಗಳು ಹತ್ತಿರ ಬಂದು ತುದಿ ಕೊಟ್ಟಳು, ಕೈ ಬಿಡಲಿಲ್ಲ.

"ಏನೂ ಕೇಳಲ್ವಾ ಅಮ್ಮ?"

"ಇಲ್ಲ."

ಮಗಳು ಹೊದಿಕೆಯನ್ನು ಇಬ್ಬರ ನಡುವೆ ಹಿಡಿದುಕೊಂಡೇ, ಮೆಲುದನಿಯಲ್ಲಿ ಹೇಳತೊಡಗಿದಳು. ಇಸ್ತ್ರಿಯಕ್ಕ ನಡುವೆ ಬಾಯಿ ಹಾಕಲಿಲ್ಲ. ಒಮ್ಮೆ ಆಕೆಯ ಕಣ್ಣು ತುಂಬಿತು, ಒಮ್ಮೆ ಇಬ್ಬರೂ ನಕ್ಕರು. ಹೇಳಿದ್ದೇನು ಎಂದು ನಿಮಗೂ ಕುತೂಹಲ ಇರಬಹುದು. ಇರಲಿ.

ಊಟಕ್ಕೆ ಕೂತಾಗ ಬೋಧಕರು ಕಿಟಕಿಯತ್ತ ಕತ್ತು ತಿರುಗಿಸಿ, ಹಿತ್ತಿಲಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ ಮಗಳನ್ನು ನೋಡಿದರು. ಆಮೇಲೆ ಹೆಂಡತಿಯ ಕಡೆಗೆ ಬಗ್ಗಿದರು.

"ಅಷ್ಟು ಹೊತ್ತು ಮಾತಾಡ್ತಿದ್ರಲ್ಲ. ಏನಂದಳು?"

ಇಸ್ತ್ರಿಯಕ್ಕ ಅವರ ತಟ್ಟೆಗೆ ಸೂಪು ಬಡಿಸಿದಳು.

"ಹೊದಿಕೆ ಮಡಚಿದ್ವಿ ರೀ," ಎಂದಳು.